ಬಾಗಿನಕ್ಕೆ ಬಂದ ಮ್ಯಾಗಜೀನ್

ಮೆಣಸೆ
೧೪ ಮಾರ್ಚ್ ೨೦೦೪

ಅಕ್ಕನಿಗೆ ಪರಮೇಶ್ವರನ ನಮಸ್ಕಾರ.

ನಾನೂ ಗಗನಾಳೂ, ಅಪ್ಪ ಮಗಳು ಇಬ್ಬರೂ ಹೇಗಿರಬೇಕೋ ಹಾಗಿದ್ದೇವೆ. ಭಾವನ ಮೊಣಕಾಲು ಹೇಗಿದೆ ಅಂತ ಬರಿ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಇರುವುದು ಜಗಲಿಯಲ್ಲಿ. ನೀನು "ಹೂಂ" ಅಂದದ್ದನ್ನೂ ಅರ್ಧ ಶೆಟ್ಟಿಕೊಪ್ಪ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಈ ಕಾಗದ.

ಎಲೆಕ್ಷನ್ ಬಂತಲ್ಲ, ಲೈಸೆನ್ಸ್ ಇದ್ದವರೆಲ್ಲ ಕೋವಿ ತಂದು ಠಾಣೆಯಲ್ಲಿಡಬೇಕು ಎಂದು ಹೇಳಿ ಕಳುಹಿಸಿದ್ದರು. ಪ್ರತಿ ಸಲದ ಹಾಗೆ ಅಪ್ಪನ ರೈಫಲ್ಲನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಹೋದೆ. ಪಕ್ಕದ ಗದ್ದೆಯ ತ್ರ್ಯಂಬಕನೂ ತನ್ನ ಜೋಡು ನಳಿಗೆಯ ಕೋವಿ ಹಿಡಿದು ಜೊತೆಗೆ ಬಂದಿದ್ದ. ಈ ಸಲ ಇರುವುದು ಹೊಸ ಎಸ್‌ಐ. ಬಯಲುಸೀಮೆಯವರು, ಇನ್ನೂ ಹುಡುಗು ಮುಖ. ಕಾಡಿನಲ್ಲಿ ಬಂದೂಕಿನವರು ಓಡಾಡುತ್ತಾರೆ ಅಂತ ಸುದ್ದಿಯಾದ ಮೇಲೆ ಇಲ್ಲಿಗೆ ಹಾಕಿದ್ದಂತೆ. ಅವರು ರೈಫಲ್ಲನ್ನು ಮಗುಚಿ, ಹೊಟ್ಟೆಯ ಕೆಳಗೆ ಗುಂಡು ತುಂಬುವ ಭಾಗ ಕೂರಬೇಕಾದ ಖಾಲಿ ಜಾಗಕ್ಕೆ ಬೆರಳು ತೂರಿಸಿ ನೋಡಿದರು.

"ಇದರ ಮ್ಯಾಗಜೀನ್ ಎಲ್ರೀ?"

"ಅದು ನಮ್ಮಕ್ಕನ ಮನೇಲಿ ಇರ್ತದೆ ಸಾರ್."

"ಅಕ್ಕನ ಹೆಸರಲ್ಲಿ ಲೈಸೆನ್ಸ್ ಐತಾ?"

"ಇಲ್ಲ ಸಾರ್. ಗದ್ದೆಗೆ ಹಂದಿ ಬಂದಾಗ ಹೇಳಿ ಕಳಿಸ್ತೀನಿ, ಅವಳೇ ತಂದು ಹಾಕ್ತಾಳೆ. ಹೋಗೋವಾಗ ತಗೊಂಡು ಹೋಗ್ತಾಳೆ. ನಮ್ಮಮ್ಮ ಮಾಡಿಟ್ಟ ಪದ್ಧತಿ."

ಠಾಣೆಯಲ್ಲಿದ್ದವರೆಲ್ಲ ನಕ್ಕರು. ತ್ರ್ಯಂಬಕ ಮಾತ್ರ ನೆಲ ನೋಡಿದ. ಎಸ್‌ಐ ನಗಲಿಲ್ಲ. ನಿನ್ನ ಹೆಸರು, ಭಾವನ ಹೆಸರು, ಊರು ಎಲ್ಲ ಕೇಳಿ ಬರೆದುಕೊಂಡರು. ಹಳೆಯ ರೈಟರ್ ಆಗಿದ್ದರೆ ರಸೀದಿ ಹರಿದು ಕೊಟ್ಟು, ಎಲೆಯಡಿಕೆ ಕೇಳಿ ಕಳುಹಿಸುತ್ತಿದ್ದರು. ಯಾರಾದರೂ ಬಂದು ಕೇಳಿದರೆ ಕೊಟ್ಟುಬಿಡು. ವಾದ ಮಾಡಬೇಡ, ನಿನ್ನ ಬಾಯಿ ನನಗೆ ಗೊತ್ತು.

ಇನ್ನೊಂದು ಸುದ್ದಿ. ಕೊಪ್ಪದ ಮೇಷ್ಟ್ರ ಮನೆಯವರು ಗಗನಾಳನ್ನು ನೋಡಿಕೊಂಡು ಹೋಗಿದ್ದರಲ್ಲ, ಒಪ್ಪಿಗೆಯಂತೆ. ಎಲೆಕ್ಷನ್ ಕಳೆದ ಮೇಲೆ ಮಾತುಕತೆಗೆ ಬರುತ್ತಾರೆ. ಆವಾಗ ನೀನು ಮುಂದೆ ನಿಲ್ಲಬೇಕು. ತಾಯಿಯಿಲ್ಲದ ಹುಡುಗಿ.

ನಿನ್ನ ತಮ್ಮ,
ಪರಮೇಶ


ಶೆಟ್ಟಿಕೊಪ್ಪ
೨೪ ಮಾರ್ಚ್ ೨೦೦೪

ಚಿರಂಜೀವಿ ಪರಮೇಶನಿಗೆ ಅಕ್ಕ ಮಾಡುವ ಆಶೀರ್ವಾದ. ಈ ಸಲ ಆಶೀರ್ವಾದದ ಜೊತೆಗೆ ಬೈಗುಳವೂ ಇದೆ, ಎರಡನ್ನೂ ತೆಗೆದುಕೋ.

ಪೊಲೀಸರ ಎದುರು ನಿಂತು "ನಮ್ಮಕ್ಕನ ಮನೇಲಿ ಇರ್ತದೆ" ಅಂತ ಹೇಳುವವನು ನೀನೊಬ್ಬನೇ ಇರಬೇಕು. ಕಳೆದುಹೋಗಿದೆ ಅನ್ನಲಿಕ್ಕೆ ಬಾಯಿಗೇನಾಗಿತ್ತು?

ಯುಗಾದಿಯ ಮಾರನೆಯ ದಿನ, ಮನೆ ತುಂಬ ನೆಂಟರು ಉಣ್ಣಲು ಕೂತಿದ್ದಾಗ ನಮ್ಮ ಕಡೆಯ ಠಾಣೆಯ ಜೀಪು ಬಂತು. ಮ್ಯಾಗಜೀನ್ ಎಲ್ಲಿ ಎಂದರು. ದೇವರ ಗೂಡಿನಿಂದ ತೆಗೆದು ಕೊಟ್ಟೆ. ಅಮ್ಮ ಸುತ್ತಿಕೊಟ್ಟ ಹಸಿರು ಕಣದ ಬಟ್ಟೆಯಲ್ಲೇ ಇತ್ತು, ಮೇಲೆ ಆಯುಧಪೂಜೆಯ ಕುಂಕುಮವೂ ಇತ್ತು. ಇಲ್ಲಿಯ ಎಸ್‌ಐ ಎರಡು ಬೆರಳಲ್ಲಿ ಬಟ್ಟೆ ಎತ್ತಿ, "ಇದೇನಮ್ಮ, ದೇವರ ಹತ್ರ ಯಾಕಿಟ್ಟಿದೀರಿ?" ಅಂದರು. "ತವರಿಂದ ಬಂದದ್ದು ಸ್ವಾಮಿ, ಗೌರಿಹಬ್ಬದ ಬಾಗಿನದಲ್ಲಿ" ಅಂದೆ. ಸುಳ್ಳಲ್ಲವಲ್ಲ. ಆ ವರ್ಷ ಅಮ್ಮ ಮೊರದಲ್ಲಿ ಬಳೆ, ಬಿಚ್ಚೋಲೆ, ಅಕ್ಕಿ, ಬೆಲ್ಲದ ನಡುವೆ ಅದನ್ನಿಟ್ಟು ಇನ್ನೊಂದು ಮೊರ ಮುಚ್ಚಿ ಕೈಗೆ ಕೊಟ್ಟದ್ದು ನಿನ್ನೆದುರಿಗೇ ತಾನೇ? "ಇದೂ ನಿಂದೇ ಕೂಸೆ, ಜೋಪಾನ ಮಾಡು" ಅಂದದ್ದು ಈಗಲೂ ಕಿವಿಯಲ್ಲಿದೆ.

ಅವರಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ಆಯುಧದ ಭಾಗವೂ ಆಯುಧವೇ, ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕೇಸು, ಕಾಡಿನವರಿಗೆ ಕೊಡಲು ಇಟ್ಟಿದ್ದೀರಾ ಅಂತೆಲ್ಲ ಕೇಳಿದರು. ಮನೆಯ ಯಜಮಾನರು ಅಂತ ನಿಮ್ಮ ಭಾವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಸುಬ್ಬಪ್ಪನವರ ಮನೆತನದಿಂದ ಯಾರೂ ಜೀಪು ಹತ್ತಿದ್ದಿಲ್ಲ ಎಂದು ನಮ್ಮತ್ತೆ ಕೂತಲ್ಲೇ ಅಳಲು ಶುರುಮಾಡಿದರು. ಬಡಿಸಿದ ಎಲೆ ಬಡಿಸಿದ ಹಾಗೇ ಇತ್ತು. ಸಂಜೆ ಬಿಟ್ಟರು. ಬಂದವರು ಸ್ನಾನ ಮಾಡಿ ಮಲಗಿದರು, ನನ್ನ ಹತ್ತಿರ ಒಂದು ಮಾತಿಲ್ಲ.

ಯಾಕೆ ಇಟ್ಟುಕೊಂಡಿದ್ದೆ ಅಂತ ಮತ್ತೆ ಮತ್ತೆ ಕೇಳಿದರು. ಬಾಗಿನ ಅಂದೆ, ಅಮ್ಮನ ಮಾತು ಅಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೇಳುವುದೂ ಇಲ್ಲ.

ನಿನಗೂ ವರ್ಷ ವರ್ಷ ತಪ್ಪದೆ ಹಂದಿ! ಹೋದ ಸಲ ಬಂದಾಗ ತ್ರ್ಯಂಬಕನ ಹೆಂಡತಿ, "ನಮ್ಮ ಗದ್ದೆಗೆ ಈ ವರ್ಷ ಒಂದೂ ಇಳಿದಿಲ್ಲ ಸುಲೋಚನಕ್ಕಾ" ಅಂದಿದ್ದಳು. ಮೆಣಸೆಯ ಹಂದಿಗೆ ನಿನ್ನ ಬೇಲಿ ಮಾತ್ರ ಕಾಣುತ್ತದೋ ಏನೋ. ಅದಿಲ್ಲದಿದ್ದರೆ ಈ ಕಬ್ಬಿಣ ಗೂಡಿನಲ್ಲಿ ತುಕ್ಕು ಹಿಡಿದು ಬಿದ್ದಿರುತ್ತಿತ್ತು, ಯಾರಿಗೂ ಬೇಕಾಗುತ್ತಿರಲಿಲ್ಲ.

ಸಿಟ್ಟಿನಲ್ಲಿ ಬರೆದೆ. ಊಟ ಬಿಡಬೇಡ.

ಅಕ್ಕ,
ಸುಲೋಚನಾ


ಮೆಣಸೆ
೬ ಏಪ್ರಿಲ್ ೨೦೦೪

ಅಕ್ಕನಿಗೆ ನಮಸ್ಕಾರ.

ಬೈದದ್ದು ಸಾಲದು. ಭಾವನನ್ನು ನೆನೆದರೆ ನನಗೆ ನನ್ನ ಮುಖ ನೋಡಿಕೊಳ್ಳಲು ಆಗುತ್ತಿಲ್ಲ.

ಎರಡೂ ಠಾಣೆಗೆ ಹೋಗಿ ಬಂದೆ. ನಿಮ್ಮೂರ ಹತ್ತಿರಕ್ಕೆ ಬಂದೂ ಮನೆಗೆ ಬರಲಿಲ್ಲ, ಕ್ಷಮಿಸು. ಯಾವ ಮುಖ ಹೊತ್ತು ಬರಲಿ?

ಅವರ ಲೆಕ್ಕ ಕೇಳು. ಇಲ್ಲಿಯ ಎಸ್‌ಐ ಪ್ರಕಾರ ಮ್ಯಾಗಜೀನ್ ಇಲ್ಲದ ರೈಫಲ್ ಪೂರ್ತಿ ಆಯುಧವಲ್ಲ, ಹಾಗಾಗಿ ನಾನು ಆಯುಧ ಜಮಾ ಮಾಡಿಯೇ ಇಲ್ಲ. ಅಲ್ಲಿಯ ಎಸ್‌ಐ ಪ್ರಕಾರ ರೈಫಲ್ ಇಲ್ಲದಿದ್ದರೂ ಮ್ಯಾಗಜೀನೇ ಒಂದು ಆಯುಧ, ಹಾಗಾಗಿ ನೀನು ಆಯುಧ ಬಚ್ಚಿಟ್ಟಿದ್ದೀಯ. ಅದು ಇಲ್ಲದ್ದಕ್ಕೆ ಇಲ್ಲಿ ನಾನು ಕಳ್ಳ, ಇದ್ದದ್ದಕ್ಕೆ ಅಲ್ಲಿ ನೀನು ಕಳ್ಳಿ. ಎರಡರಲ್ಲಿ ಯಾವುದೋ ಒಂದು ತಾನೇ ಸರಿಯಿರಬೇಕು ಸಾರ್ ಅಂದೆ. "ನೀನೇನು ಲಾಯರ್ ಏನಯ್ಯಾ?" ಅಂದರು.

ನಿಜವಾದ ಲಾಯರ್ ಹತ್ತಿರವೂ ಹೋದೆ. ಕೊಪ್ಪದ ರೇಣುಕಪ್ಪನವರು. ಅವರು ಪುಸ್ತಕ ತೆಗೆದು ಓದಿ, ಮುಚ್ಚಿ, ಕನ್ನಡಕ ತೆಗೆದಿಟ್ಟರು. "ನೋಡು ಪರಮೇಶ್ವರ, ಭಾಗ ಅನ್ನೋದನ್ನ ಅವ್ರು ಹ್ಯಾಗೆ ಬೇಕಾದ್ರೂ ಓದಬಹುದು. ಮ್ಯಾಗಜೀನ್ ಸಿಗದೆ ನಿನ್ನ ಕೇಸು ಬಿಡಲ್ಲ, ನಿನ್ನ ಕೇಸು ಬಿಡದೆ ಮ್ಯಾಗಜೀನ್ ಕಳಿಸಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂದ ಹಾಗಾಯ್ತು" ಅಂದರು. ಆಮೇಲೆ ಮೆತ್ತಗೆ ಕೇಳಿದರು: "ಅದು ಅಲ್ಲಿ ಯಾಕಿತ್ತು ಮಾರಾಯ? ಬಾಗಿನ ಗೀಗಿನ ಅಂದ್ರೆ ಯಾರೂ ನಂಬಲ್ಲ. ನಂಬೋ ಹಾಗೆ ಒಂದು ಕಾರಣ ಕೊಟ್ರೆ ನಿಮ್ಮಕ್ಕನ್ನ ಬಿಡಿಸ್ತೀನಿ. ಇಲ್ದಿದ್ರೆ ಕೋರ್ಟಿಗೆ ಹಾಕ್ತಾರೆ."

ನಂಬುವ ಕಾರಣ ನನ್ನ ಹತ್ತಿರ ಇದೆ. ನಿನಗೂ ಗೊತ್ತು. ಹೇಳಲಾ?

ಪರಮೇಶ


ಶೆಟ್ಟಿಕೊಪ್ಪ
೧೫ ಏಪ್ರಿಲ್ ೨೦೦೪

ಪರಮೇಶಾ,

ಬೇಡ. ಬೇಡ ಅಂದರೆ ಬೇಡ.

ಹನ್ನೊಂದು ವರ್ಷ ನಾವು ಮೂರು ಜನ ಬಾಯಿ ಬಿಡಲಿಲ್ಲ. ಅಮ್ಮ ಹೋಗುವಾಗಲೂ ಬಿಡಲಿಲ್ಲ. ಗಗನಾಳನ್ನು ಬಿಟ್ಟು ಕಮಲಾ ತೀರಿಕೊಂಡ ವರ್ಷ ನೀನು ಗದ್ದೆ ಕಾಯುವ ಮಾಳದಲ್ಲಿ ಏನು ಮಾಡಲು ಕೂತಿದ್ದೆ, ಅಮ್ಮ ನಿನ್ನ ಕೈಯಿಂದ ಕೋವಿ ಹೇಗೆ ಕಸಿದುಕೊಂಡಳು ಎನ್ನುವುದನ್ನು ನಾನು ಈವತ್ತೇ ಮೊದಲು ಕಾಗದದ ಮೇಲೆ ಬರೆಯುತ್ತಿರುವುದು. ಓದಿ ಒಲೆಗೆ ಹಾಕು. ರೈಫಲ್ ಮನೆಯಲ್ಲಿ ಇಲ್ಲದಿದ್ದರೆ ಜನ ಯಾಕೆ ಎಂದು ಕೇಳುತ್ತಾರೆ, ಇದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಅವಳು ಕೋವಿಯನ್ನು ಗೋಡೆಗೆ ಬಿಟ್ಟು ಅದರ ಹೊಟ್ಟೆಯನ್ನು ನನ್ನ ಮೊರದಲ್ಲಿಟ್ಟಳು.

ಈಗ ನೀನು ಠಾಣೆಗೆ ಹೋಗಿ ಅದನ್ನೆಲ್ಲ ಹೇಳಿದರೆ? ಮೇಷ್ಟ್ರ ಮನೆಯವರಿಗೆ ಗೊತ್ತಾಗುತ್ತದೆ. ಹುಡುಗಿಯ ಅಪ್ಪನಿಗೆ ತಲೆ ಸರಿಯಿಲ್ಲವಂತೆ, ಅವಳಿಗೂ ಬಂದರೆ ಎನ್ನುತ್ತಾರೆ. ಊರ ಬಾಯಿ ಮುಚ್ಚಲು ನಮ್ಮ ಹತ್ತಿರ ಮುಚ್ಚಳವಿಲ್ಲ. ಅಲ್ಲದೆ ಹಾಗೆ ಮಾಡಹೊರಟದ್ದೇ ಒಂದು ಅಪರಾಧವಂತೆ. ನನ್ನನ್ನು ಬಿಡಿಸಲು ಹೋಗಿ ನೀನು ಒಳಗೆ ಹೋದರೆ ಅಮ್ಮ ಎಲ್ಲಿದ್ದರೂ ನನ್ನನ್ನು ಬಿಡುವುದಿಲ್ಲ.

ನಿಮ್ಮ ಭಾವನಿಗೂ ನಾನು ಹೇಳಿರಲಿಲ್ಲ. ತವರಿನ ಶಾಸ್ತ್ರ ಎಂದೇ ಅವರು ತಿಳಿದಿದ್ದರು. ನಿನ್ನೆ ಕೊನೆಗೂ ಮಾತಾಡಿದರು. "ನಿಮ್ಮ ತವರು ಮನೇದು ಎಂತದೋ ಒಂದು ನನಗೆ ಗೊತ್ತಿಲ್ದೆ ನನ್ನ ದೇವರ ಗೂಡಲ್ಲಿ ಇತ್ತು. ಅಲ್ವ?" ಅಂದರು. ನಾನು ತಲೆ ತಗ್ಗಿಸಿದೆ. ಅವರು ಎದ್ದು ಹೋದರು. ಜೈಲಿಗೆ ಹಾಕಿದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆದರೂ ಬೇಡ. ಗಗನಾಳ ಕೊರಳಿಗೆ ತಾಳಿ ಬೀಳಲಿ, ಆಮೇಲೆ ನೋಡೋಣ. ಅಲ್ಲಿಯವರೆಗೆ ನನ್ನ ಕೇಸು ನನಗಿರಲಿ.

ಸುಲೋಚನಾ


ಮೆಣಸೆ
೩೦ ಮೇ ೨೦೦೪

ಅಕ್ಕಾ,

ನಿನ್ನ ಮಾತು ಕೇಳಿ ಸುಮ್ಮನಿದ್ದೆ. ಎಲೆಕ್ಷನ್ ಮುಗಿದು ಎಲ್ಲರ ಕೋವಿ ಎಲ್ಲರ ಮನೆಗೆ ಬಂತು. ತ್ರ್ಯಂಬಕನದೂ ಬಂತು. ನಮ್ಮದು ಠಾಣೆಯ ಮೂಲೆಯಲ್ಲಿದೆ, ಕೊರಳಿಗೊಂದು ಚೀಟಿ ಕಟ್ಟಿದ್ದಾರೆ.

ಮೇಷ್ಟ್ರ ಮನೆಯಿಂದ ಮೊನ್ನೆ ಜನ ಬಂದಿದ್ದರು. ಜಾತಕ ಕೂಡುವುದಿಲ್ಲವಂತೆ. ಮೊದಲು ಅದೇ ಜಾತಕ ಕೂಡಿತ್ತು. ಹೋಗುವಾಗ ಒಬ್ಬರು ಅಂಗಳದಲ್ಲಿ ಚಪ್ಪಲಿ ಹಾಕುತ್ತಾ, "ಪೋಲೀಸು ಗೀಲೀಸು ಎಲ್ಲ ಇರೋ ಕಡೆ ಎಂತಕ್ಕೆ ಸುಮ್ನೆ" ಅಂದದ್ದು ನನಗೂ ಕೇಳಿಸಿತು, ಗಗನಾಳಿಗೂ ಕೇಳಿಸಿತು. ನಿಜ ಹೇಳಿದರೆ ಸಂಬಂಧ ತಪ್ಪುತ್ತದೆ ಎಂದೆ ನೀನು. ಹೇಳದೆಯೂ ತಪ್ಪಿತು.

ಆ ದಿನ ಅವಳು ಕೇಳಿದಳು. "ಅಪ್ಪ, ಮ್ಯಾಗಜೀನ್ ಅತ್ತೆ ಮನೇಲಿ ಯಾಕಿತ್ತು?" ಅಂತ. ನಾನು ಅವಳನ್ನು ನೋಡಿ ಹೇಳಲಾರದೆ ಕಂಬ ನೋಡಿಕೊಂಡು ಹೇಳಿದೆ. ಆಮೇಲೆ, "ನಂಗೆ ಗೊತ್ತಿತ್ತು ಅಪ್ಪಾ. ಆವತ್ತು ನಿಂಗೆ ಕಾಫಿ ಕೊಡ್ಲಿಕ್ಕೆ ಅಜ್ಜಿ ಹಿಂದೆ ನಾನೂ ಮಾಳಕ್ಕೆ ಬಂದಿದ್ದೆ" ಅಂದಳು. ಅವಳಿಗೆ ಆಗ ಒಂಬತ್ತು ವರ್ಷ, ಅಕ್ಕಾ. ಇಷ್ಟು ವರ್ಷ ಆ ಹುಡುಗಿ ಬೆಳಿಗ್ಗೆ ಎದ್ದು ಮೊದಲು ನನ್ನ ಕೋಣೆ ಇಣುಕುತ್ತಿದ್ದದ್ದು ಯಾಕೆಂದು ನನಗೆ ಈಗ ತಿಳಿಯಿತು. ಕಾಫಿ ಬೇಕಾ ಎಂದು ಕೇಳಲು ಬರುತ್ತಾಳೆ ಎಂದುಕೊಂಡಿದ್ದೆ.

ಇನ್ನು ಯಾರಿಗಾಗಿ ಬಚ್ಚಿಡಲಿ? ನಾನು ಹೇಳುತ್ತೇನೆ. ಸಿಟ್ಟಾಗಬೇಡ.

ಪರಮೇಶ


ಶೆಟ್ಟಿಕೊಪ್ಪ
೧೨ ಜೂನ್ ೨೦೦೪

ಪರಮೇಶಾ,

ಗಗನಾಳ ವಿಷಯ ಓದಿ ಆ ದಿನವೆಲ್ಲ ಏನೂ ಮಾಡಲು ತೋಚಲಿಲ್ಲ. ನಾವು ದೊಡ್ಡವರು ಗುಟ್ಟು ಕಾಯುತ್ತಿದ್ದೇವೆ ಅಂದುಕೊಂಡಿದ್ದೆವು.

ನಿನ್ನ ಕಾಗದವನ್ನು ನಿಮ್ಮ ಭಾವನ ಕೈಗೆ ಕೊಟ್ಟೆ. ಎರಡು ಸಲ ಓದಿದರು. "ಮೊದ್ಲೇ ಹೇಳಿದ್ರೆ ನಾನೇನು ಓಡಿಸ್ತಿದ್ನಾ?" ಅಂದರು ಅಷ್ಟೇ. ಅವರಿಗೆ ನೀನು ಮಾಡಹೊರಟದ್ದರ ಮೇಲೆ ಸಿಟ್ಟಿಲ್ಲ, ನಾನು ನಂಬದೆ ಹೋದೆ ಎಂದು ಸಿಟ್ಟು. ಅದು ಬೇಗ ಹೋಗುವಂಥದ್ದಲ್ಲ.

ನಾನು ಬೇಡ ಅನ್ನುವುದೂ ಇಲ್ಲ, ಹೂಂ ಅನ್ನುವುದೂ ಇಲ್ಲ. ಹೋಗುವುದಾದರೆ ಒಬ್ಬನೇ ಹೋಗಬೇಡ, ರೇಣುಕಪ್ಪನವರನ್ನು ಕರೆದುಕೊಂಡು ಹೋಗು. ಗರಿಗರಿ ಅಂಗಿ ಹಾಕಿಕೋ. ತಲೆ ಬಾಚಿಕೋ. ನಿನ್ನನ್ನು ನೋಡಿದವರು ಅಯ್ಯೋ ಪಾಪ ಅನ್ನಬಾರದು.

ಸುಲೋಚನಾ


ಮೆಣಸೆ
೨೦ ಜುಲೈ ೨೦೦೪

ಅಕ್ಕನಿಗೆ ನಮಸ್ಕಾರ.

ಮುಗಿಯಿತು. ನಿನ್ನ ಮೇಲೆ ಕೇಸಿಲ್ಲ. ಇನ್ನು ಓದುವುದನ್ನು ಸಮಾಧಾನವಾಗಿ ಓದು.

ಎರಡು ಠಾಣೆಯ ಜಗಳ ಬಗೆಹರಿಯದೆ ಕೊಪ್ಪದಲ್ಲಿ ಮೇಲಿನ ಸಾಹೇಬರ ಹತ್ತಿರ ಹೋಗಿತ್ತು. ವಯಸ್ಸಾದವರು, ಮಾತು ಕಡಿಮೆ. ರೇಣುಕಪ್ಪನವರು ಪೀಠಿಕೆ ಶುರುಮಾಡಿದರೆ ಅವರು ಕೈ ಎತ್ತಿ ನಿಲ್ಲಿಸಿ ನನ್ನನ್ನೇ ಕೇಳಿದರು.

"ಮ್ಯಾಗಜೀನ್ ಯಾಕೆ ಅಲ್ಲಿಟ್ಟಿದ್ರಿ?"

"ನಾನು ಸಾಯಬಾರ್ದು ಅಂತ ಸಾರ್."

ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಪಕ್ಕದಲ್ಲಿದ್ದ ರೈಟರನ್ನು ಹೊರಗೆ ಕಳುಹಿಸಿದರು. ಹೇಳಿದೆ. ಎಷ್ಟೋ ವರ್ಷ ಹೇಳಲಾರದ್ದು ಹೇಳಲು ಹೊತ್ತೇ ಹಿಡಿಯಲಿಲ್ಲ, ಒಂದು ಲೋಟ ಟೀ ಆರುವುದರೊಳಗೆ ಮುಗಿದಿತ್ತು.

"ಈಗ ಹೇಗಿದೀರಿ?" ಅಂದರು.

"ಈಗ ಹೀಗಿದೀನಿ ಸಾರ್."

"ಹಳೇ ವಿಷಯ ನಾನು ಕೇಳಿಸ್ಕೊಂಡಿಲ್ಲ" ಅಂದರು. ಆಮೇಲೆ ಚಿಕ್ಕಮಗಳೂರಿನಿಂದ ಪೊಲೀಸರ ಕೋವಿ ರಿಪೇರಿಯವನನ್ನು ಕರೆಸಿ ಪರೀಕ್ಷೆ ಮಾಡಿಸಿದರು. ಅವನು ಕೊಟ್ಟ ವರದಿಯ ಮೇಲೆ, ಬರೀ ಮ್ಯಾಗಜೀನ್ ಇಟ್ಟುಕೊಂಡವರು ಆಯುಧ ಇಟ್ಟುಕೊಂಡ ಹಾಗಲ್ಲ ಎಂದು ತೀರ್ಮಾನವಾಯಿತು. ಎಚ್ಚರಿಕೆ ಕೊಟ್ಟು ನಿನ್ನನ್ನು ಬಿಟ್ಟಿದ್ದಾರೆ, ಠಾಣೆಗೆ ಕರೆದಾಗ ಹೋಗಿ ಒಂದು ಸಹಿ ಹಾಕಿ ಬಾ. ನನ್ನ ಲೈಸೆನ್ಸ್ ಮಾತ್ರ ರದ್ದು. ಇಂಥದ್ದು ಹೇಳಿಕೊಂಡವನಿಗೆ ಕೋವಿ ಕೊಡಲು ಬರುವುದಿಲ್ಲ ಎಂದರು, ಅದೂ ನ್ಯಾಯವೇ. ಅಪ್ಪನ ರೈಫಲ್ ಇನ್ನು ಮನೆಗೆ ಬರುವುದಿಲ್ಲ. ಗೋಡೆಯ ಮೇಲೆ ಅದರ ಆಕಾರಕ್ಕೆ ಸುಣ್ಣ ಬೆಳ್ಳಗಿದೆ.

ಹೊರಗೆ ಕೂತಿದ್ದ ರೈಟರ್ ಎಷ್ಟು ಕೇಳಿಸಿಕೊಂಡನೋ, ಅಂತೂ ಸುದ್ದಿ ನನಗಿಂತ ಮೊದಲು ಬಸ್ಸು ಹತ್ತಿ ಶೃಂಗೇರಿ ದಾಟಿ ಮೆಣಸೆ ಸೇರಿತ್ತು. ಜನ ನನ್ನ ಹತ್ತಿರ ಮೆತ್ತಗೆ ಮಾತಾಡುತ್ತಾರೆ ಅಕ್ಕಾ. ಅದು ಬೈಗುಳಕ್ಕಿಂತ ಕಷ್ಟ. ಮೊನ್ನೆ ಸಸಿಮಡಿಗೆ ಹುಳ ಬಿದ್ದಿತ್ತು. ತ್ರ್ಯಂಬಕನ ಹತ್ತಿರ ಸ್ವಲ್ಪ ಔಷಧಿ ಇದ್ದರೆ ಕೊಡು ಅಂದೆ. "ನೀನು ಮನೇಲಿರು ಮಾರಾಯ, ನಾನೇ ಬಂದು ಹೊಡೀತೀನಿ" ಅಂದ. ಬಂದ, ಹೊಡೆದ, ಖಾಲಿ ಡಬ್ಬಿಯನ್ನೂ ಮರೆಯದೆ ತೆಗೆದುಕೊಂಡು ಹೋದ. ಒಳ್ಳೆಯವನು. ನನಗೆ ಮಾತ್ರ ಆ ದಿನವೆಲ್ಲ ತಲೆ ಎತ್ತಲು ಆಗಲಿಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು, ತೆಗೆದುಕೊಂಡರೆ.

ಪರಮೇಶ


ಶೆಟ್ಟಿಕೊಪ್ಪ
೨೧ ಆಗಸ್ಟ್ ೨೦೦೪

ಪರಮೇಶಾ,

ಸಹಿ ಹಾಕಲು ಹೋಗಿದ್ದೆ. ನೀನು ಒಂದು ಮಾತು ಬರೆಯದೆ ಬಿಟ್ಟಿದ್ದೆ. ಅದನ್ನು ಆ ಎಸ್‌ಐ ಹೇಳಿದರು.

ಈಗ ಅವರು ಒರಟಾಗಿರಲಿಲ್ಲ, ಕುರ್ಚಿ ಕೊಟ್ಟು ಕೂರಿಸಿದರು. "ಅಮ್ಮಾ, ನಿಮ್ಮ ಕೇಸು ಬಿದ್ದು ಹೋಗಿದ್ದು ಯಾಕೆ ಗೊತ್ತಾ? ಇದಿಲ್ದೇನೂ ಆ ರೈಫಲ್ ಹಾರ್ತದೆ. ಒಂದೊಂದೇ ಗುಂಡು ಕೈಯಲ್ಲಿ ಇಟ್ಟು ಬೋಲ್ಟ್ ಮುಚ್ಚಿದ್ರೆ ಆಯ್ತು. ರಿಪೇರಿಯವನು ನಮ್ಮ ಕಣ್ಣೆದುರಿಗೇ ಮರಳು ಚೀಲಕ್ಕೆ ಹೊಡೆದು ತೋರಿಸಿದ. ಇದು ಬರೀ ಐದು ಗುಂಡು ತುಂಬಿಡೋ ಡಬ್ಬಿ" ಅಂದರು. ಇಷ್ಟು ವರ್ಷ ನೀವು ಸುಮ್ಮನೆ ಕಾದಿರಿ ಎನ್ನುವ ಹಾಗೆ ನೋಡಿದರು.

ಸಹಿ ಎಲ್ಲಿ ಹಾಕಿದೆನೋ ನೆನಪಿಲ್ಲ.

ನಾನು ಹೇಗೆ ಬದುಕಿದೆ ಅಂತ ನಿನಗೆ ಗೊತ್ತಾ? ಪ್ರತಿ ದಿನ ದೀಪ ಹಚ್ಚುವಾಗ ಆ ಬಟ್ಟೆ ಮುಟ್ಟಿ ನೋಡುತ್ತಿದ್ದೆ. ಅದು ಅಲ್ಲಿದ್ದರೆ ನೀನು ಅಲ್ಲಿದ್ದೀಯ. ಟೈಫಾಯಿಡ್ ಬಂದು ಆಸ್ಪತ್ರೆಯಲ್ಲಿದ್ದಾಗಲೂ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ನಿನ್ನಲ್ಲಿಗೆ ಬರುವಾಗ ಕೊಪ್ಪದಲ್ಲಿ ಬಸ್ಸು ಬದಲಿಸುತ್ತಾ ಕೈಚೀಲ ಒಂದು ಕೈಯಿಂದ ಇನ್ನೊಂದು ಕೈಗೆ ಕೊಡುತ್ತಿರಲಿಲ್ಲ. ನನ್ನ ತಮ್ಮನ ಜೀವ ನನ್ನ ಚೀಲದಲ್ಲಿದೆ ಅಂತ ಎಷ್ಟು ಜಂಬ ಇತ್ತು ನನಗೆ! ಆ ಧೈರ್ಯದಲ್ಲಿ ಎಷ್ಟೋ ಸಲ ನಿನ್ನ ಕಾಗದಕ್ಕೆ ಉತ್ತರವನ್ನೂ ಬರೆಯಲಿಲ್ಲ. ಏನೂ ಆಗಲ್ಲ, ಅದು ನನ್ನ ಹತ್ತಿರ ಇದೆಯಲ್ಲ ಅಂದುಕೊಂಡು.

ಗುಂಡುಗಳು ನಿನ್ನ ಹತ್ತಿರವೇ ಇದ್ದವು. ಕೋವಿಯೂ ಇತ್ತು.

ನಿನಗೆ ಗೊತ್ತಿತ್ತಾ? ಹೌದು ಅಥವಾ ಇಲ್ಲ ಎಂದು ಬರಿ. ಸುತ್ತಿ ಬಳಸಿ ಬರೆದರೆ ಓದುವುದಿಲ್ಲ.

ಸುಲೋಚನಾ


ಮೆಣಸೆ
೧೪ ಸೆಪ್ಟೆಂಬರ್ ೨೦೦೪

ಅಕ್ಕಾ,

ಹೌದು.

ಅಪ್ಪ ನನಗೆ ಕೋವಿ ಹಿಡಿಯಲು ಕಲಿಸಿದ್ದೇ ಹಾಗೆ. ಮ್ಯಾಗಜೀನ್ ಮುಟ್ಟಲು ಬಿಡುತ್ತಿರಲಿಲ್ಲ. "ಒಂದೇ ಗುಂಡು ಇದ್ರೆ ಮನುಷ್ಯ ನೋಡಿ ಹೊಡೀತಾನೆ" ಅನ್ನುತ್ತಿದ್ದ. ಅಮ್ಮ ಅದನ್ನು ನಿನ್ನ ಮೊರದಲ್ಲಿಟ್ಟ ದಿನವೇ ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತೋ ಏನೋ. ಅಪ್ಪನ ಜೊತೆ ಅಷ್ಟು ವರ್ಷ ಬದುಕಿದವಳು. ಅವಳು ನನ್ನಿಂದ ಕೋವಿ ತಪ್ಪಿಸಲು ಮಾಡಿದ್ದಲ್ಲ ಅದು, ನಿನ್ನನ್ನು ನನಗೆ ಕಟ್ಟಿಹಾಕಲು ಮಾಡಿದ್ದು ಎಂದು ಈಚೆಗೆ ಅನ್ನಿಸುತ್ತದೆ.

ನಿನಗೆ ಹೇಳಲಿಲ್ಲ ಯಾಕೆಂದರೆ, ಹೇಳಿದರೆ ನೀನು ಅದನ್ನು ಹೊರುವುದು ಬಿಡುತ್ತಿದ್ದೆ.

ಆ ಮನಸ್ಸು ಮತ್ತೆ ಬರಲಿಲ್ಲ ಎಂದರೆ ಸುಳ್ಳು. ಬಂದಿದೆ. ಕೋವಿಯನ್ನು ಗೋಡೆಯಿಂದ ಇಳಿಸಿದ್ದೂ ಇದೆ. ಆಗೆಲ್ಲ ಆ ಖಾಲಿ ಜಾಗಕ್ಕೆ ಬೆರಳು ತಾಗುತ್ತಿತ್ತು. ಇದರದ್ದು ಒಂದು ತುಂಡು ಶೆಟ್ಟಿಕೊಪ್ಪದಲ್ಲಿ ಕುಂಕುಮ ಹಚ್ಚಿಕೊಂಡು ಕೂತಿದೆ, ಅಲ್ಲೊಬ್ಬಳು ಅದನ್ನು ಕಾಯುತ್ತಿರುತ್ತಾಳೆ ಎಂದು ನೆನಪಾಗುತ್ತಿತ್ತು. ನಾನು ಹೋದರೆ ಅವಳು ಆ ಚೀಲ ಹಿಡಿದುಕೊಂಡೇ ಬಂದು ಅಂಗಳದಲ್ಲಿ ನಿಲ್ಲುತ್ತಾಳೆ, "ಇದು ನನ್ನ ಹತ್ರ ಇತ್ತಲ್ಲ" ಎನ್ನುತ್ತಾಳೆ. ಅದನ್ನು ನೆನೆದರೆ ಕೈ ಬರುತ್ತಿರಲಿಲ್ಲ. ಮತ್ತೆ ಮೊಳೆಗೆ ತೂಗುಹಾಕುತ್ತಿದ್ದೆ. ಬರೀ ಡಬ್ಬಿ ಎಂದರಂತೆ. ಅವರಿಗೆ ಕೋವಿಯ ವಿಷಯ ಗೊತ್ತು, ಅಷ್ಟೇ.

ಇನ್ನೂ ಒಂದು ಇದೆ. ಹಂದಿ ಎಲ್ಲ ವರ್ಷ ಬರುತ್ತಿರಲಿಲ್ಲ. ತ್ರ್ಯಂಬಕನ ಹೆಂಡತಿ ಹೇಳಿದ್ದು ನಿಜ. ಬಾರದ ವರ್ಷವೂ ಬಂದಿವೆ, ಬೇಗ ಬಾ ಅಂತ ನಿನಗೆ ಬರೆಯುತ್ತಿದ್ದೆ. ನೀನು ಬಂದು, ಅದನ್ನು ಟಪ್ ಎಂದು ಕೋವಿಗೆ ಹಾಕಿ, ಮಾಳದಲ್ಲಿ ಪಕ್ಕಕ್ಕೆ ಕೂತು, ನನ್ನ ಗಡ್ಡಕ್ಕೂ ಗಗನಾಳ ಜಡೆಗೂ ಬೈಯುತ್ತಾ ಇರುತ್ತಿದ್ದೆಯಲ್ಲ, ನಾನು ಕತ್ತಲೆಗೆ ಒಂದು ಗುಂಡು ಹಾರಿಸಿ ಓಡಿದವು ಅನ್ನುತ್ತಿದ್ದೆ. ಅಲ್ಲಿ ಏನೂ ಇರುತ್ತಿರಲಿಲ್ಲ.

ಗೌರಿಹಬ್ಬಕ್ಕೆ ಗಗನಾಳ ಕೈಯಲ್ಲಿ ಬಾಗಿನ ಕಳುಹಿಸುತ್ತಿದ್ದೇನೆ. ಈ ಸಲ ಮೊರ ಹಗುರವಾಗಿದೆ. ಈ ಮಳೆಗಾಲ ನನಗೆ ಮತ್ತೆ ಅಷ್ಟು ಚೆನ್ನಾಗಿಲ್ಲ. ಮುಚ್ಚಿಡುವುದು ಮುಗಿಯಿತಲ್ಲ, ಅದಕ್ಕೆ ಬರೆದೆ.

ಪರಮೇಶ


ಶೆಟ್ಟಿಕೊಪ್ಪ
೨೯ ಸೆಪ್ಟೆಂಬರ್ ೨೦೦೪

ಪರಮೇಶಾ,

ಗಗನಾ ಬಂದಳು, ಬಾಗಿನ ತೆಗೆದುಕೊಂಡೆ. ಹಗುರ ಎಂದಿದ್ದೆ, ನನಗೇನೂ ಹಗುರ ಅನ್ನಿಸಲಿಲ್ಲ. ನಿಮ್ಮ ಭಾವ ಅವಳಿಗೆ ತಾವೇ ಬಡಿಸಿದರು. ನನ್ನ ಹತ್ತಿರ ಇನ್ನೂ ಅರ್ಧ ಮಾತು, ಅರ್ಧ ಮೌನ.

ನಿನ್ನ ಕಾಗದ ಓದಿ ಸಿಟ್ಟು ಬಂತು, ಅಳುವೂ ಬಂತು. ಎಂಥ ಸುಳ್ಳುಗಾರನೋ ನೀನು. ಇಲ್ಲದ ಹಂದಿ ಕಾಯಲು ಚಳಿಯಲ್ಲಿ ಕೂರಿಸಿದೆಯಲ್ಲ ನನ್ನನ್ನು, ಇನ್ನೂ ಸೊಂಟ ನೋಯುತ್ತದೆ.

ಈಗ ಅಲ್ಲಿ ಕೋವಿಯಿಲ್ಲ, ಇಲ್ಲಿ ಮ್ಯಾಗಜೀನ್ ಇಲ್ಲ. ದೀಪ ಹಚ್ಚುವಾಗ ಕೈ ತಾನಾಗಿ ಗೂಡಿಗೆ ಹೋಗುತ್ತದೆ, ಬರೀ ಬಟ್ಟೆ ಸಿಗುತ್ತದೆ. ನನಗೆ ಹೆದರಿಕೆ ಪರಮೇಶ. ಮೊದಲು ಇಷ್ಟು ಹೆದರಿಕೆ ಇರಲಿಲ್ಲ. ಹಗ್ಗ, ಬಾವಿ, ಔಷಧಿ ಡಬ್ಬಿ ಎಲ್ಲವನ್ನೂ ನಾನು ಬಾಗಿನದಲ್ಲಿ ತಂದಿಟ್ಟುಕೊಳ್ಳಲು ಆಗುತ್ತದಾ?

ಒಂದು ಮಾತು ಕೊಡು. ಮೊದಲಿನ ಹಾಗೇ ಬರೆಯುತ್ತೇನೆ ಅಂತ. ನಿನಗೆ ಚೆನ್ನಾಗಿಲ್ಲ, ಬೇಜಾರು, ಬಾ ಅಕ್ಕಾ ಎಂದೆಲ್ಲ ಬರೆಯಲು ನಿನಗೆ ಬರುವುದಿಲ್ಲ, ಅದು ನನಗೆ ಗೊತ್ತು. ಹಂದಿ ಬಂದಿವೆ ಅಂತ ಬರಿ, ಸಾಕು. ಗದ್ದೆಯಲ್ಲಿ ಕದಿರಿರಲಿ, ಇಲ್ಲದಿರಲಿ, ನಾನು ಹೊರಟು ಬರುತ್ತೇನೆ. ಇವರು ಏನಂದರೂ ಬರುತ್ತೇನೆ.

ಅಕ್ಕ,
ಸುಲೋಚನಾ


ಮೆಣಸೆ
೨ ಫೆಬ್ರವರಿ ೨೦೦೫

ಅಕ್ಕನಿಗೆ,

ಕೊಯ್ಲು ಮುಗಿದು ತಿಂಗಳಾಯಿತು. ಹುಲ್ಲೂ ಒಳಗೆ ಬಂದಾಯಿತು, ಗದ್ದೆ ಬೋಳಾಗಿದೆ. ಗಗನಾ ಅವಳ ಸೋದರಮಾವನ ಮನೆಗೆ ಹೋಗಿದ್ದಾಳೆ.

ಹಂದಿ ಬಂದಿವೆ.

ಪರಮೇಶ